ಹಾಡಿದ ಮಗುವಿನದಲ್ಲ, ಪಿಯಾನೊ ಶ್ರುತಿಯ ತಪ್ಪು

ಮಾನ್ಯ ಸಂಪಾದಕರೇ,

ಕೊಡಗಿನ ಶಾಲೆಗಳಲ್ಲಿ, ಚರ್ಚ್‌ಗಳಲ್ಲಿ ಈಗ ಹಾರ್ಮೋನಿಯಂ ಪಕ್ಕದಲ್ಲೇ ಡಿಜಿಟಲ್ ಪಿಯಾನೊ ಕಾಣಿಸುತ್ತದೆ. ಅದರ ಜೊತೆ ಮಕ್ಕಳ ಹಾಡನ್ನು ಮುದ್ರಿಸಿ ಸ್ಪರ್ಧೆಗಳಿಗೆ ಕಳುಹಿಸುವುದೂ ಉಂಟು. ಅಂಥ ಮುದ್ರಣದಲ್ಲಿ ಮಗು ಅಪಶ್ರುತಿಯಾಗಿ ಹಾಡಿದಂತೆ ಕೇಳಿಸಿದರೆ ಮಗುವನ್ನು ಗದರುವ ಮೊದಲು ವಾದ್ಯವನ್ನು ನೋಡಬೇಕೆಂದು ಕೇಳಿಕೊಳ್ಳುತ್ತೇವೆ.

ಪಿಯಾನೊದ ಆಯ್ಕೆಗಳಲ್ಲಿ ಟ್ರಾನ್ಸ್‌ಪೋಸ್ ಬೇರೆ, ಟ್ಯೂನಿಂಗ್ ಬೇರೆ. ಟ್ರಾನ್ಸ್‌ಪೋಸ್ ಶ್ರುತಿಯನ್ನು ಅರ್ಧ ಸ್ವರದ ಲೆಕ್ಕದಲ್ಲಿ ಸರಿಸುತ್ತದೆ. ಒಂದು ಮನೆ (ಸಿ) ಶ್ರುತಿಯ ಬೆರಳಿನಲ್ಲೇ ಐದೂವರೆ ಮನೆ (ಜಿ ಶಾರ್ಪ್) ಶ್ರುತಿಗೆ ನುಡಿಸಬೇಕಾದರೆ ಕೆಳಕ್ಕೆ 4 ಇಡಬೇಕು. ಹಾರ್ಮೋನಿಯಂ ಜೊತೆಗಿನ ಕೂದಲೆಳೆಯ ವ್ಯತ್ಯಾಸ ಇದರಿಂದ ಹೋಗದು. ಅದಕ್ಕಿರುವುದು ಇಡೀ ವಾದ್ಯದ ಶ್ರುತಿಯನ್ನು ಕೊಂಚ ಕೊಂಚವೇ ಸರಿಸುವ ಮಾಸ್ಟರ್ ಟ್ಯೂನಿಂಗ್. ಕಾರ್ಖಾನೆಯಿಂದ ಬರುವಾಗ ಅದು 440 ಹರ್ಟ್ಜ್‌ನಲ್ಲಿ, ಅಂದರೆ ನಡುವಿನ ಎ ಸ್ವರ ಸೆಕೆಂಡಿಗೆ 440 ಸಲ ಕಂಪಿಸುವಂತೆ ಇರುತ್ತದೆ. ಹಳೆಯ ಹಾರ್ಮೋನಿಯಂ ಸರಿಯಾಗಿ ಅಲ್ಲೇ ಇರುವುದು ಅಪರೂಪ.

ಹೊಂದಿಸಲು ಯಂತ್ರ ಬೇಡ, ಕಿವಿ ಸಾಕು. ಟ್ರಾನ್ಸ್‌ಪೋಸ್ ಸೊನ್ನೆಗೆ ತನ್ನಿ. ಪಿಯಾನೊ ನಾದ ಬೇಗ ಅಡಗುವುದರಿಂದ ಆರ್ಗನ್ ನಾದ ಆರಿಸಿ. ಹಾರ್ಮೋನಿಯಂನಲ್ಲಿ ಒಂದೇ ಸಾಲಿನ ರೀಡ್ ತೆರೆದು, ತಿದಿಯನ್ನು ಒಂದೇ ಸಮನೆ ಒತ್ತುತ್ತ, ಎರಡರಲ್ಲೂ ನಡುವಿನ ಸಪ್ತಕದ ಆರನೇ ಬಿಳಿ ಮನೆಯನ್ನು (ಎ ಕೀಯನ್ನು) ಒತ್ತಿಹಿಡಿಯಿರಿ. ನಾದ ಅಲೆಯಂತೆ ಏರಿಳಿದರೆ 10 ಸೆಕೆಂಡಿನಲ್ಲಿ ಎಷ್ಟು ಅಲೆ ಎಂದು ಎಣಿಸಿ. 20 ಬಂದರೆ ವ್ಯತ್ಯಾಸ 2 ಹರ್ಟ್ಜ್. ಪಿಯಾನೊವನ್ನು 442ಕ್ಕೆ ಏರಿಸಿ ನೋಡಿ. ಅಲೆ ನಿಂತರೆ ಸರಿ, ಇನ್ನೂ ವೇಗವಾದರೆ 438ಕ್ಕೆ ಇಳಿಸಿ. ಕೆಲವು ಮಾದರಿಗಳಲ್ಲಿ ಸ್ವಿಚ್ ಆಫ್ ಮಾಡಿದೊಡನೆ ಈ ಅಂಕಿ ಅಳಿದುಹೋಗುತ್ತದೆ, ಕೆಲವುಗಳಲ್ಲಿ ಹಾಗೆಯೇ ಉಳಿಯುತ್ತದೆ. ಮುಂದಿನ ವಾರ ಬೇರೊಬ್ಬರು ನುಡಿಸುವಾಗ ಎಡವಟ್ಟಾಗುವುದು ಇಲ್ಲೇ. ಅಂಕಿ ಬರೆದ ಚೀಟಿಯೊಂದನ್ನು ವಾದ್ಯಕ್ಕೆ ಅಂಟಿಸಿಡಿ.

ಕೊಳಲು ಜೊತೆಗಿದ್ದರೆ ಮಡಿಕೇರಿಯ ಚಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೊಳಲೊಳಗಿನ ಗಾಳಿ 1 ಡಿಗ್ರಿ ತಣ್ಣಗಾದರೆ ಶ್ರುತಿ ಸುಮಾರು 3 ಸೆಂಟ್ ಇಳಿಯುತ್ತದೆ. 100 ಸೆಂಟ್ ಎಂದರೆ ಅರ್ಧ ಸ್ವರ. ಡಿಜಿಟಲ್ ಪಿಯಾನೊ ಚಳಿಗೆ ಜಗ್ಗುವುದಿಲ್ಲ. ಕೊಳಲನ್ನು ಹತ್ತು ನಿಮಿಷ ಊದಿ ಬೆಚ್ಚಗಾಗಿಸಿದ ಮೇಲಷ್ಟೇ ಶ್ರುತಿ ಕೂಡಿಸಿ.

ಸಪ್ತಕದೊಳಗಿನ ಸ್ವರಗಳ ನಡುವಣ ಅಂತರವನ್ನು ನಿರ್ಧರಿಸುವ ಟೆಂಪರಮೆಂಟ್ ಎಂಬ ಇನ್ನೊಂದು ಆಯ್ಕೆಯಿದೆ. ಅರ್ಧ ಸ್ವರಗಳನ್ನೆಲ್ಲ ಸಮವಾಗಿ ಹಂಚುವ ಮಾಮೂಲಿ ಈಕ್ವಲ್ ಟೆಂಪರಮೆಂಟ್‌ನಲ್ಲಿ ಅಂತರ ಗಾಂಧಾರ ಶುದ್ಧ ಸ್ಥಾನಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. ತಂಬೂರಿಯ ಜೊತೆ ಅದು ಕಿವಿಗೆ ಚುಚ್ಚುತ್ತದೆ. ಪ್ಯೂರ್ ಮೇಜರ್ ಆರಿಸಿ ಆಧಾರ ಸ್ವರವನ್ನು ಷಡ್ಜಕ್ಕೆ ಇಟ್ಟರೆ ಗಾಂಧಾರ ಹಿತವಾಗುತ್ತದೆ. ಆದರೆ ಅದೇ ಸೆಟ್ಟಿಂಗ್‌ನಲ್ಲಿ ರಿಷಭದಿಂದ ಧೈವತಕ್ಕೆ ಹೋಗುವ ಪಂಚಮದ ಅಂತರ ಸುಮಾರು 22 ಸೆಂಟ್ ಕುಗ್ಗುವುದರಿಂದ ಚರ್ಚ್ ಗೀತೆಗಳ ಕಾರ್ಡ್‌ಗಳು ಕೆಟ್ಟದಾಗಿ ಕೇಳಿಸುತ್ತವೆ. ಅವಕ್ಕೆ ಈಕ್ವಲ್ ಟೆಂಪರಮೆಂಟೇ ಸರಿ.

ಮುದ್ರಣಕ್ಕೆ ಬಂದರೆ, ಜೂನ್‌ನಿಂದ ಮೂರು ತಿಂಗಳು ಶೀಟಿನ ಮೇಲೆ ಮಳೆ ಬೀಳುವ ಊರಿನಲ್ಲಿ ಪಿಯಾನೊ ಸ್ಪೀಕರಿನ ಮುಂದೆ ಮೊಬೈಲ್ ಇಟ್ಟು ಮುದ್ರಿಸಬಾರದು. ಮಳೆಯೂ ಪಿಯಾನೊ ಕೀಗಳ ಟಕಟಕ ಸದ್ದೂ ಸೇರಿಕೊಳ್ಳುತ್ತವೆ. ಯುಎಸ್‌ಬಿಗೆ ಆಡಿಯೊ ಮುದ್ರಿಸುವ ಪಿಯಾನೊ ಆದರೆ ಪೆನ್‌ಡ್ರೈವನ್ನು ಅದರಲ್ಲೇ ಫಾರ್ಮ್ಯಾಟ್ ಮಾಡಿ ವೇವ್ ಫೈಲ್ ಆರಿಸಿ; ನಾದವನ್ನು ಸೆಕೆಂಡಿಗೆ 44,100 ಸಲ ಅಳೆಯುವ 44.1 ಕಿಲೋಹರ್ಟ್ಜ್, 16 ಬಿಟ್ ಸ್ಟೀರಿಯೊ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ. ಮಿಡಿ ಫೈಲ್ ಆರಿಸಿದರೆ ನಾದ ಮುದ್ರಣವಾಗುವುದಿಲ್ಲ, ಯಾವ ಮನೆಯನ್ನು ಯಾವಾಗ ಎಷ್ಟು ಬಲವಾಗಿ ಒತ್ತಿದಿರಿ ಎಂಬುದಷ್ಟೇ ಉಳಿಯುತ್ತದೆ. ಫೈಲ್ ಉಳಿಯುವ ಮುನ್ನ ಕರೆಂಟ್ ಹೋದರೆ ಎಲ್ಲವೂ ಕೈತಪ್ಪಬಹುದು. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಮುದ್ರಿಸದಿರುವುದೇ ಲೇಸು.

ಮೊದಲು ಪಿಯಾನೊ ಮುದ್ರಿಸಿ, ಅದನ್ನು ಮಗುವಿಗೆ ಹೆಡ್‌ಫೋನ್‌ನಲ್ಲಿ ಕೇಳಿಸುತ್ತ ದನಿಯನ್ನು ಬೇರೆಯಾಗಿ ಮುದ್ರಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಕೂಡಿಸುವುದು ಸುಲಭ ದಾರಿ. ಮೊಬೈಲ್ ಫೈಲ್ 48 ಕಿಲೋಹರ್ಟ್ಜ್‌ನದ್ದಾಗಿ, ತಂತ್ರಾಂಶ ಅದನ್ನು 44.1 ಎಂದು ಓದಿದರೆ ದನಿ ನಿಧಾನವಾಗಿ ಅರ್ಧ ಸ್ವರದ ಸುಮಾರು ಒಂದೂವರೆ ಪಟ್ಟು ಕೆಳಗೆ ಬೀಳುತ್ತದೆ. ರಿವರ್ಬ್ (ಕೃತಕ ಅನುರಣನ) ಪೂರ್ತಿ ತೆಗೆದಿಡಿ; ಬೇಕಿದ್ದರೆ ಕೊನೆಗೆ ಸೇರಿಸಬಹುದು, ಒಮ್ಮೆ ಮುದ್ರಣವಾದುದನ್ನು ಕಳೆಯಲಾಗದು. ವೈರಿನಲ್ಲಿ ಕಂಪ್ಯೂಟರಿಗೆ ಮುದ್ರಿಸುವವರು ಅತಿ ಜೋರಿನ ಜಾಗವೂ ತಂತ್ರಾಂಶದ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟದಂತೆ ನೋಡಿಕೊಳ್ಳಬೇಕು. ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ಬ್ಯಾಟರಿಯಲ್ಲಿ ನಡೆಸಿ ನೋಡಿ.

ಜಿಲ್ಲೆಯಲ್ಲಿ ಸ್ಪರ್ಧೆ ನಡೆಸುವವರಲ್ಲೊಂದು ಕೋರಿಕೆ. ವಾಟ್ಸ್‌ಆ್ಯಪ್ ದನಿ ಸಂದೇಶವಾಗಿ ಬಂದ ಹಾಡು ಒತ್ತಿ ಹಿಂಡಿದ ರೂಪದಲ್ಲಿರುತ್ತದೆ. ಅದನ್ನು ಕೇಳಿ ಅಂಕ ಕೊಡುವುದು ಮಕ್ಕಳಿಗೆ ಅನ್ಯಾಯ. ವೇವ್ ಫೈಲನ್ನು ಡಾಕ್ಯುಮೆಂಟ್ ಆಗಿಯೇ ಕಳುಹಿಸಬೇಕೆಂದು ಪ್ರಕಟಣೆಯಲ್ಲೇ ತಿಳಿಸಿ, ವಾದ್ಯದ ಶ್ರುತಿ ಎಷ್ಟು ಹರ್ಟ್ಜ್ ಎಂದು ಬರೆಯಲು ಅರ್ಜಿಯಲ್ಲಿ ಒಂದು ಸಾಲು ಬಿಡಿ.

– ಸಂಗೀತ ಶಿಕ್ಷಕರು, ಮಡಿಕೇರಿ