ನೃಪತುಂಗನ ರಾಜಧಾನಿಯ ಮಕ್ಕಳಿಗೊಂದು ಓದುಮನೆ: ಮಳಖೇಡದಿಂದ ದೇಣಿಗೆ ಮನವಿ

ಕನ್ನಡದ ಬಂಧುಗಳೇ,

ಕಲಬುರಗಿಯಿಂದ ಸೇಡಂ ದಾರಿಯಲ್ಲಿ ಸುಮಾರು 40 ಕಿಲೋಮೀಟರ್ ಬಂದರೆ ಕಾಗಿಣಾ ನದಿಯ ದಂಡೆಯಲ್ಲಿ ನಮ್ಮ ಊರು ಮಳಖೇಡ ಸಿಗುತ್ತದೆ. ತೊಗರಿ ಹೊಲಗಳು, ಶಹಾಬಾದ್ ಕಲ್ಲಿನ ಮನೆಗಳು, ಸಿಮೆಂಟ್ ಕಾರ್ಖಾನೆ, ಹೊಳೆಯ ಅಂಚಿಗೆ ಒಂದು ಕೋಟೆ. ಬಸ್ಸಿನಲ್ಲಿ ಹೋಗುವ ಹೊರಊರಿನವರು ಇಲ್ಲಿ ಇಳಿಯುವುದು ಕಡಿಮೆ. ಹಾಗೆ ದಾಟಿಹೋಗುವ ಈ ಊರೇ ಮಾನ್ಯಖೇಟ. ಒಂಬತ್ತನೆಯ ಶತಮಾನದ ಮೊದಲ ಭಾಗದಿಂದ ಸುಮಾರು ಒಂದೂವರೆ ಶತಮಾನ ಕಾಲ ರಾಷ್ಟ್ರಕೂಟರು ತಮ್ಮ ಸಾಮ್ರಾಜ್ಯವನ್ನು ಆಳಿದ್ದು ಇಲ್ಲಿಂದ. ಈ ಊರಿನ ಶಾಲೆಯಲ್ಲಿ ಓದಿದವರು ಮತ್ತು ಕಲಿಸಿದವರು ಸೇರಿ ಕಟ್ಟಿಕೊಂಡ ಸಣ್ಣ ಟ್ರಸ್ಟ್ ನಮ್ಮದು. ಮಕ್ಕಳಿಗಾಗಿ ಊರಿನಲ್ಲಿ ಒಂದು ಓದುಮನೆ ಕಟ್ಟಲು ಹೊರಟಿದ್ದೇವೆ. ಅದಕ್ಕೆ ನಿಮ್ಮ ನೆರವನ್ನು ಕೇಳಿ ಈ ಮನವಿ ಬರೆಯುತ್ತಿದ್ದೇವೆ.

ಹಳೆಯ ರಾಜಧಾನಿ ಎಂದ ಕೂಡಲೇ ಓದುಮನೆ ಏಕೆ, ಕೋಟೆ ದುರಸ್ತಿಯಲ್ಲವೇ, ನೃಪತುಂಗನ ಪ್ರತಿಮೆಯಲ್ಲವೇ ಎಂದು ನಮ್ಮೂರಿನವರೇ ಕೇಳಿದ್ದಾರೆ. ಉತ್ತರ ಹೇಳಬೇಕಾದರೆ ಈ ನಗರದ ಸ್ವಭಾವವನ್ನೇ ಸ್ವಲ್ಪ ವಿವರವಾಗಿ ಹೇಳಬೇಕು.

ರಾಷ್ಟ್ರಕೂಟರು ಕಲ್ಲಿನಲ್ಲಿ ಮಾಡಿದ ಮಹಾಸಾಹಸ ನಮ್ಮೂರಿನಲ್ಲಿಲ್ಲ, ಎಲ್ಲೋರಾದಲ್ಲಿದೆ. ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ಬಿಡಿಸಿದ ಕೈಲಾಸ ದೇವಾಲಯ ಒಂದನೆಯ ಕೃಷ್ಣನ ಕಾಲದ್ದು, ಎಂದರೆ ಎಂಟನೆಯ ಶತಮಾನದ್ದು. ಮಾನ್ಯಖೇಟ ರಾಜಧಾನಿಯಾದದ್ದು ಆಮೇಲೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ. ತಂದೆ ಮೂರನೆಯ ಗೋವಿಂದ ತೀರಿಕೊಂಡಾಗ, 814ರಲ್ಲಿ, ಅವನಿನ್ನೂ ಹದಿಹರೆಯದ ಹುಡುಗ. ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಸಾಮಂತರು ತಿರುಗಿಬಿದ್ದರು; ಗುಜರಾತಿನ ದಾಯಾದಿ ಕರ್ಕ ಬೆನ್ನಿಗೆ ನಿಂತು ಸಿಂಹಾಸನ ಉಳಿಸಿಕೊಟ್ಟ. ಅಲ್ಲಿಂದ 60 ವರ್ಷಕ್ಕೂ ಮೀರಿದ ದೀರ್ಘ ಆಳ್ವಿಕೆ. ನಾಡಿನ ಜನರ ಮೇಲೆ ಬಂದ ಸಂಕಟ ನೀಗಲೆಂದು ಅವನು ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನ ಹೇಳುತ್ತದೆ. ಅವನ ವಂಶದಲ್ಲಿ ಮುಂದಿನ ಶತಮಾನದಲ್ಲಿ ಆಳಿದ ಮೂರನೆಯ ಕೃಷ್ಣನ ದೇವಳಿ ತಾಮ್ರಪಟದಲ್ಲಿ, ದೇವತೆಗಳ ಗರ್ವವನ್ನು ತಗ್ಗಿಸುವಂತೆ, ಇಂದ್ರನ ಪಟ್ಟಣವನ್ನು ನಗುವಂಥ ಮಾನ್ಯಖೇಟವನ್ನು ಅಮೋಘವರ್ಷ ಕಟ್ಟಿದನೆಂಬ ಮಾತಿದೆ. ಅರಮನೆಯ ಕವಿಗಳ ಹೊಗಳಿಕೆ ಎಂದು ಅದನ್ನು ಬದಿಗಿಡಬಹುದು. ಆದರೆ 851ರಷ್ಟು ಹಿಂದೆಯೇ, ಅರಬ್ ವ್ಯಾಪಾರಿ ಸುಲೇಮಾನನ ಹೆಸರಿನಲ್ಲಿರುವ ಬರಹ ಲೋಕದ ನಾಲ್ವರು ಮಹಾರಾಜರ ಸಾಲಿನಲ್ಲಿ ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ಕಾನ್‌ಸ್ಟಾಂಟಿನೋಪಲಿನ ದೊರೆ ಇವರೊಂದಿಗೆ ರಾಷ್ಟ್ರಕೂಟ ಅರಸನನ್ನು ಎಣಿಸಿತು. ಅವರಿಗೆ ನಮ್ಮವರನ್ನು ಹೊಗಳಬೇಕಾದ ಯಾವ ಋಣವೂ ಇರಲಿಲ್ಲ.

ಇಷ್ಟೆಲ್ಲ ವೈಭವದಲ್ಲಿ ಇಂದು ಕಣ್ಣಿಗೆ ಕಾಣುವುದು ಬಹಳ ಕಡಿಮೆ. ಅರಮನೆ ಇಲ್ಲ. ಕೋಟೆ ಇದೆ, ಅದು ಒಂದೇ ಕಾಲದ ಕೆಲಸವಲ್ಲ. ನೇಮಿನಾಥ ಬಸದಿಯಿದೆ, ಅಲ್ಲಿಯ ಹಳೆಯ ಕಂಬಗಳನ್ನೂ ಸಾಲುಸಾಲಾಗಿ ಜಿನಬಿಂಬಗಳಿರುವ ಲೋಹದ ಪುಟ್ಟ ಮಂಟಪವನ್ನೂ ನೋಡಲೆಂದೇ ಜೈನ ಯಾತ್ರಿಕರು ಬರುತ್ತಾರೆ. ಹೊಳೆಯ ದಂಡೆಯಲ್ಲಿ ಉತ್ತರಾದಿ ಮಠವಿದೆ. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದ ಜಯತೀರ್ಥರನ್ನು ನೆನೆದು ಅಲ್ಲಿಗೆ ದೂರದೂರದ ಭಕ್ತರು ಬರುತ್ತಾರೆ. ಉಳಿದ ಹಳಮೆ ಹೊಲದ ಬದುವಿನಲ್ಲಿ, ಗುಡಿಯ ಕಟ್ಟೆಯಲ್ಲಿ ಚೆದುರಿಹೋಗಿದೆ.

ಮಾನ್ಯಖೇಟ ನಿಜವಾಗಿ ಉಳಿದುಕೊಂಡಿರುವುದು ಗ್ರಂಥಗಳಲ್ಲಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಸುಮಾರು 850ರ ಹೊತ್ತಿಗೆ ನೃಪತುಂಗನ ಆಸ್ಥಾನದಲ್ಲಿ ರೂಪುಗೊಂಡಿತು. ಅದನ್ನು ಬರೆದವನು ಶ್ರೀವಿಜಯ, ಅದರ ಹಿಂದಿನ ಸಮ್ಮತಿ ದೊರೆಯದು ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಮೊದಲು ಗೆರೆ ಎಳೆದದ್ದು ಆ ಗ್ರಂಥ. ಓದುಬರಹ ಬಾರದವರೂ ಇಲ್ಲಿ ಕಾವ್ಯವನ್ನು ಬಲ್ಲವರೆಂದು ನಾಡವರನ್ನು ಮೆಚ್ಚಿದ್ದೂ ಅದೇ. ತನಗಿಂತ ಹಿಂದಿನ ಕನ್ನಡ ಬರಹಗಾರರ ಹೆಸರುಗಳನ್ನು ಅದು ಎಣಿಸಿ ಹೇಳುತ್ತದೆ: ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ... ಇವರ ಕೃತಿಗಳು ಕಳೆದುಹೋದವು. ಹೆಸರಾದರೂ ಉಳಿದದ್ದು ಈ ಊರಿನ ಪುಣ್ಯ. ಇನ್ನೊಂದು ಮಾತೂ ಅದರಲ್ಲಿದೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಗುಣವೇ ನಿಜವಾದ ಸಂಪತ್ತು ಎಂಬ ಮಾತು. ಬಸದಿ, ಮಠ, ಮಸೀದಿಗಳಿರುವ ಊರಿನಲ್ಲಿ ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠವನ್ನು ನಾವು ಕಾಣೆವು.

ಕನ್ನಡವೊಂದೇ ಅಲ್ಲ. ಆದಿಪುರಾಣವನ್ನು ಸಂಸ್ಕೃತದಲ್ಲಿ ಬರೆದ ಜಿನಸೇನಾಚಾರ್ಯರು ನೃಪತುಂಗನಿಗೆ ಗುರುಗಳು; ಅವರು ಅರ್ಧಕ್ಕೆ ಬಿಟ್ಟುಹೋದ ಕೆಲಸವನ್ನು ಶಿಷ್ಯ ಗುಣಭದ್ರರು ಮುಗಿಸಿದರು. ಶಾಕಟಾಯನ ತನ್ನ ವ್ಯಾಕರಣದ ವೃತ್ತಿಗೆ, ಎಂದರೆ ವ್ಯಾಖ್ಯಾನಕ್ಕೆ, ದೊರೆಯ ಹೆಸರನ್ನೇ ಇಟ್ಟು ಅಮೋಘವೃತ್ತಿ ಎಂದು ಕರೆದ. ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ ನೃಪತುಂಗನ ಆಳ್ವಿಕೆ ವರ್ಧಿಸಲಿ ಎಂದು ಹಾರೈಸುತ್ತಲೇ ತೊಡಗುತ್ತದೆ. ಚರಾಚರವಾದ ಮೂರು ಲೋಕಗಳಲ್ಲಿ ಗಣಿತವನ್ನು ಬಿಟ್ಟು ಯಾವ ವಸ್ತುವೂ ಇಲ್ಲ ಎಂದು ಅವರು ಬರೆದರು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟರು. ಅದೇ ಲೆಕ್ಕವನ್ನು ನಮ್ಮ ಮಕ್ಕಳು ಇಂದು ಪಿಯುಸಿಯಲ್ಲಿ ಪರೀಕ್ಷೆಗಾಗಿ ಉರುಹೊಡೆಯುತ್ತಾರೆ. ಅದಕ್ಕೂ ತಮ್ಮೂರಿಗೂ ನಂಟಿದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಗಣಿತವೆಂದರೆ ಪಟ್ಟಣದ ಟ್ಯೂಷನ್ನಿನವರಿಗೆ ಮಾತ್ರ ಒಲಿಯುವ ವಿದ್ಯೆ ಎಂದುಕೊಂಡ ಹುಡುಗಿಗೆ ಈ ಸಂಗತಿ ತಿಳಿದರೆ ಅವಳ ಧೈರ್ಯವೇ ಬೇರೆಯಾಗುತ್ತದೆ. ಕಲಿಸಿದ ಅನುಭವದಿಂದ ಈ ಮಾತು ಹೇಳುತ್ತಿದ್ದೇವೆ.

ಮುಂದಿನ ಶತಮಾನದಲ್ಲಿ ಮೂರನೆಯ ಕೃಷ್ಣನ ಆಸ್ಥಾನದಲ್ಲಿ ಪೊನ್ನ ಎರಡು ಭಾಷೆಗಳ ಕವಿಯೆಂದು ಉಭಯಕವಿಚಕ್ರವರ್ತಿ ಎನಿಸಿಕೊಂಡ. ಅದೇ ಕಾಲದಲ್ಲಿ ಪುಷ್ಪದಂತನೆಂಬ ಕವಿ ಎಲ್ಲಿಂದಲೋ ಅಲೆದು ದಣಿದು ಮಾನ್ಯಖೇಟಕ್ಕೆ ಬಂದ. ದುರ್ಜನರ ಗಂಟುಮುಖ ನೋಡುವುದಕ್ಕಿಂತ ಬೆಟ್ಟದ ಗವಿಯಲ್ಲಿ ಹುಲ್ಲು ತಿಂದು ಬದುಕುವುದು ಲೇಸು ಎನ್ನುತ್ತಿದ್ದ ಸ್ವಾಭಿಮಾನಿ ಅವನು. ಮಂತ್ರಿ ಭರತ ಅವನನ್ನು ಮನೆಯಲ್ಲಿಟ್ಟುಕೊಂಡು ಅನ್ನ, ಬಟ್ಟೆ, ಗೌರವ ಕೊಟ್ಟು ಬರೆಯಿಸಿದ. ಪ್ರಾಕೃತದಿಂದ ಬೆಳೆದ ಅಪಭ್ರಂಶ ಭಾಷೆಯಲ್ಲಿ ಅವನು ಬರೆದ ಮಹಾಪುರಾಣ 959ರಲ್ಲಿ ಆರಂಭವಾಗಿ 965ರಲ್ಲಿ ಮುಗಿಯಿತು. ಭರತನ ಬಳಿಕ ಅವನ ಮಗ ನನ್ನನೂ ಕವಿಗೆ ಅದೇ ಆಸರೆ ಕೊಟ್ಟ. ಕನ್ನಡದ ರಾಜಧಾನಿಯಲ್ಲಿ ಅಪಭ್ರಂಶದ ಕವಿಗೆ ಮನೆ ಸಿಕ್ಕಿತೆಂಬುದು ಆ ನಗರದ ಬಗ್ಗೆ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿಗಳಲ್ಲಿ ಮೊದಲನೆಯದು.

972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ದಂಡೆತ್ತಿ ಬಂದು ಮಾನ್ಯಖೇಟವನ್ನು ಸೂರೆಗೊಂಡ. ಗೆದ್ದವರ ಕಡೆಯ ಧನಪಾಲನೆಂಬ ಕವಿ ತನ್ನ ಪ್ರಾಕೃತ ನಿಘಂಟನ್ನು ಬರೆದದ್ದು ಮಾನ್ಯಖೇಟ ಲೂಟಿಯಾದ ವರ್ಷದಲ್ಲಿ ಎಂದು ಗುರುತು ಹೇಳುತ್ತಾನೆ. ಸೋತವರ ಕಡೆಯಲ್ಲಿದ್ದ ಪುಷ್ಪದಂತನ ಒಂದು ಶ್ಲೋಕ ಅವನ ಮಹಾಪುರಾಣದ ಕೆಲವು ಹಸ್ತಪ್ರತಿಗಳಲ್ಲಿ ಉಳಿದಿದೆ. ದೀನರಿಗೂ ಅನಾಥರಿಗೂ ಧನವಾಗಿದ್ದ, ವಿದ್ವಾಂಸರಿಗೆ ಪ್ರಿಯವಾಗಿದ್ದ ಮಾನ್ಯಖೇಟಪುರ ಧಾರಾನಗರಿಯ ದೊರೆಯ (ಸೀಯಕನ) ಕೋಪದ ಬೆಂಕಿಯಲ್ಲಿ ಸುಟ್ಟುಹೋಯಿತು, ಪುಷ್ಪದಂತ ಕವಿ ಇನ್ನೆಲ್ಲಿ ವಾಸಮಾಡಲಿ ಎಂದು ಅದು ಕೇಳುತ್ತದೆ. ಮರುವರ್ಷವೇ ಚಾಲುಕ್ಯ ವಂಶದ ಎರಡನೆಯ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದ. ಚಾಲುಕ್ಯರು ಕೆಲಕಾಲ ಇಲ್ಲಿಂದಲೇ ಆಳಿದರೂ ಒಂದನೆಯ ಸೋಮೇಶ್ವರನ ಕಾಲಕ್ಕೆ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಊರು ಊರಾಗಿ ಉಳಿಯಿತು.

ಆಮೇಲಿನ ಶತಮಾನಗಳನ್ನು ಬಿಟ್ಟು ಹತ್ತಿರದ ಕಾಲಕ್ಕೆ ಬರೋಣ. ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆಡಳಿತದ ಭಾಷೆ ಉರ್ದು, ಮೇಲಿನ ಓದು ಉರ್ದುವಿನಲ್ಲಿ. ಉರ್ದುವನ್ನು ನಾವು ಪ್ರೀತಿಸುತ್ತೇವೆ, ಅದು ನಮ್ಮ ಬೀದಿಯ ಮಾತೂ ಹೌದು. ಆದರೆ ಕನ್ನಡದ ಎಲ್ಲೆಯನ್ನು ಮೊದಲು ಬರೆದಿಟ್ಟ ಊರಿನ ಮಕ್ಕಳಿಗೆ ಕನ್ನಡದಲ್ಲಿ ಓದು ಮುಂದುವರಿಸುವ ದಾರಿಯೇ ಇರಲಿಲ್ಲವೆಂಬುದು ನೋವಿನ ಸಂಗತಿ. ಆಗ ಹೈದರಾಬಾದಿನಲ್ಲಿ ಕನ್ನಡಿಗರು ತಾವೇ ಕಟ್ಟಿದ ಶಾಲೆಗೆ ನೃಪತುಂಗನ ಹೆಸರನ್ನಿಟ್ಟರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ನಾವು ಮೈಸೂರು ರಾಜ್ಯದವರಾದೆವು. ಶಾಲೆಗಳು ಬಂದವು. ಆದರೂ ಬರಗಾಲದ ವರ್ಷಗಳಲ್ಲಿ ನಮ್ಮ ಸೀಮೆಯಿಂದ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುವುದು, ಮಕ್ಕಳ ಓದು ನಡುವೆ ಕಡಿದುಹೋಗುವುದು ನಿಂತಿಲ್ಲ. ಮನೆಯಲ್ಲಿ ಪುಸ್ತಕವಿಲ್ಲದ, ಸಂಜೆ ಕೂತು ಓದಲು ಜಾಗವಿಲ್ಲದ ಮಕ್ಕಳೇ ಹೆಚ್ಚು.

ಪ್ರತಿಮೆಯ ಬದಲು ಓದುಮನೆಯನ್ನು ನಾವು ಆರಿಸಿಕೊಂಡದ್ದು ಈ ಕಾರಣಕ್ಕೆ. ಗುಡಿ ಕುಸಿದರೆ ಕಲ್ಲು ಜೋಡಿಸಿ ಜೀರ್ಣೋದ್ಧಾರ ಮಾಡುತ್ತಾರೆ. ಗ್ರಂಥಗಳಲ್ಲಿ ಉಳಿದ ರಾಜಧಾನಿಗೆ ಓದೇ ಜೀರ್ಣೋದ್ಧಾರ. ಕೋಟೆಯ ಕೆಲಸ ಸರ್ಕಾರದ್ದು, ಅದನ್ನು ನಾವು ಕೇಳುತ್ತಲೇ ಇರುತ್ತೇವೆ.

ಊರಿನ ಒಂದು ಕುಟುಂಬ ಜಾಗವನ್ನು ದಾನವಾಗಿ ಬರೆದುಕೊಟ್ಟಿದೆ. ಅದು ಕೋಟೆಯಿಂದ ದೂರವಿದೆ. ಕಾಗಿಣಾ ತುಂಬಿ ಬಂದರೆ ಸೇತುವೆಯೇ ಮುಳುಗುವ ಊರು ನಮ್ಮದಾದ್ದರಿಂದ ನೀರು ಮುಟ್ಟದ ಎತ್ತರವನ್ನು ನೋಡಿಯೇ ಒಪ್ಪಿಕೊಂಡೆವು. ಶಹಾಬಾದ್ ಕಲ್ಲಿನಲ್ಲಿ ಒಂದು ದೊಡ್ಡ ಓದುಕೋಣೆ, ಒಂದು ಪಾಠದ ಕೋಣೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಬೇಸಿಗೆಯ ಧಗೆ ತಡೆಯಲು ಎತ್ತರದ ಮಾಡು. ಇದಕ್ಕೆ 24 ಲಕ್ಷ ರೂಪಾಯಿ ಬೇಕು. ಪುಸ್ತಕಗಳಿಗೆ, ಕಪಾಟುಗಳಿಗೆ, ಮೇಜು ಬೆಂಚುಗಳಿಗೆ 5 ಲಕ್ಷ. ಮಾನ್ಯಖೇಟದಲ್ಲಿ ಹುಟ್ಟಿದ ಗ್ರಂಥಗಳು, ಅವುಗಳ ಹೊಸಗನ್ನಡ ರೂಪಗಳು, ಜೊತೆಗೆ ಕತೆ, ವಿಜ್ಞಾನ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು, ಉರ್ದು ಪುಸ್ತಕಗಳು ಎಲ್ಲವೂ ಇರುತ್ತವೆ. ಹಳಗನ್ನಡವನ್ನೂ ಗಣಿತವನ್ನೂ ಸಂಜೆಹೊತ್ತು ಕಲಿಸುವ ಶಿಕ್ಷಕರೊಬ್ಬರಿಗೆ ತಿಂಗಳಿಗೆ 15,000 ರೂಪಾಯಿಯಂತೆ ಮೂರು ವರ್ಷದ ಗೌರವಧನ 5 ಲಕ್ಷದ 40 ಸಾವಿರ. ಕಟ್ಟಡಕ್ಕೆ ಹಣ ಕೊಡುವವರು ಸಿಗುತ್ತಾರೆ, ಕಲಿಸುವವರಿಗೆ ಕೊಡುವವರು ಅಪರೂಪ. ಆದ್ದರಿಂದ ಈ ಬಾಬತ್ತನ್ನು ಮರೆಯಬೇಡಿರೆಂದು ವಿಶೇಷವಾಗಿ ಕೇಳಿಕೊಳ್ಳುತ್ತೇವೆ.

ಇನ್ನುಳಿದ 3 ಲಕ್ಷ ಊರಿನಲ್ಲಿ ಚೆದುರಿರುವ ಶಿಲ್ಪ, ವೀರಗಲ್ಲು, ಶಾಸನದ ತುಂಡುಗಳ ಚಿತ್ರದಾಖಲೆಗೆ. ಹೈಸ್ಕೂಲಿನ ಮಕ್ಕಳೇ ತಿಳಿದವರ ಜೊತೆ ಮನೆಮನೆಗೆ ಹೋಗಿ ಫೋಟೊ ತೆಗೆದು, ಅಳತೆ ಬರೆದು, ಎಲ್ಲಿದೆ ಎಂದು ನಕ್ಷೆಯಲ್ಲಿ ಗುರುತಿಸುತ್ತಾರೆ. ಒಂದು ಕಲ್ಲನ್ನೂ ಇದ್ದಲ್ಲಿಂದ ಕದಲಿಸುವುದಿಲ್ಲ, ಕೊಳ್ಳುವುದಿಲ್ಲ. ಭೂಮಿಯಲ್ಲಿ ಹೊಸದಾಗಿ ಏನಾದರೂ ಸಿಕ್ಕರೆ ಪುರಾತತ್ವ ಇಲಾಖೆಗೆ ತಿಳಿಸುತ್ತೇವೆ. ಪೂಜೆಯಲ್ಲಿರುವ ವಿಗ್ರಹಗಳ ಚಿತ್ರವನ್ನು ಆಯಾ ಮನೆಯವರ, ಗುಡಿಯವರ ಒಪ್ಪಿಗೆಯಿಲ್ಲದೆ ತೆಗೆಯುವುದಿಲ್ಲ. ಒಟ್ಟು ಬೇಕಾಗಿರುವುದು 37 ಲಕ್ಷದ 40 ಸಾವಿರ ರೂಪಾಯಿ.

ನೂರು ರೂಪಾಯಿ ಕೊಟ್ಟವರಿಗೂ ರಸೀದಿ ಕೊಡುತ್ತೇವೆ. ದೇಣಿಗೆಯನ್ನು ಟ್ರಸ್ಟಿನ ಬ್ಯಾಂಕ್ ಖಾತೆಗೇ ಹಾಕಬೇಕು. ಯಾರ ಕೈಗೂ ನಗದು ಕೊಡಬೇಡಿ, ನಮ್ಮ ಹೆಸರು ಹೇಳಿಕೊಂಡು ಮನೆಗೆ ಬಂದವರಿಗೂ ಕೊಡಬೇಡಿ. ಖಾತೆಯ ವಿವರ ಈ ಮನವಿಯ ಜೊತೆಗಿರುವ ಹಾಳೆಯಲ್ಲಿದೆ. ಬಂದ ಹಣ, ಖರ್ಚಾದ ಹಣ ಎರಡರ ಲೆಕ್ಕವನ್ನೂ ಮೂರು ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಅಂಟಿಸಿ, ದಾನಿಗಳಿಗೂ ಕಳಿಸುತ್ತೇವೆ. ಹೆಸರು ಬೇಡವೆಂದವರ ಹೆಸರನ್ನು ಗುಟ್ಟಾಗಿಡುತ್ತೇವೆ. ಒಂದು ತಿಂಗಳ ಗೌರವಧನವನ್ನು ಒಬ್ಬರೇ ವಹಿಸಿಕೊಂಡರೆ ಆ ತಿಂಗಳ ಪಾಠವನ್ನು ಅವರ ಹಿರಿಯರ ನೆನಪಿನಲ್ಲಿ ನಡೆಸಬಹುದು.

ಹಣವನ್ನೇ ಕೊಡಬೇಕೆಂದಿಲ್ಲ. ಮನೆಯಲ್ಲಿ ಹಳಗನ್ನಡ ಕಾವ್ಯದ ಮುದ್ರಣಗಳು, ನಿಘಂಟುಗಳು, ಶಾಸನ ಸಂಪುಟಗಳು ಇದ್ದು, ಓದುವವರಿಲ್ಲವೆಂದಾದರೆ ನಮಗೆ ಕಳಿಸಿ, ಸಾಗಣೆಯ ವೆಚ್ಚ ನಾವು ಭರಿಸುತ್ತೇವೆ. ನಿವೃತ್ತ ಕನ್ನಡ ಅಧ್ಯಾಪಕರು, ಗಣಿತದ ಮೇಷ್ಟ್ರುಗಳು ಬೇಸಿಗೆ ರಜೆಯಲ್ಲಿ ಒಂದು ವಾರ ಬಂದು ಪಾಠ ಮಾಡುವುದಾದರೆ ಉಳಿಯಲು ಮನೆ, ಜೋಳದ ರೊಟ್ಟಿಯ ಊಟ ನಮ್ಮದು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗದಲ್ಲಿ ಮಳಖೇಡ ರೋಡ್ ನಿಲ್ದಾಣವಿದೆ. ಬರುವ ದಿನ ಮೊದಲೇ ತಿಳಿಸಿದರೆ ಅಲ್ಲಿಗೇ ಬಂದು ಕರೆದುಕೊಂಡು ಹೋಗುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಟ್ರಸ್ಟಿನ ಎಲ್ಲ ಸದಸ್ಯರು
ಮಳಖೇಡ, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ