ಚಾರ್ಮಾಡಿಯ ತಿರುವಿನಲ್ಲಿ ನೆರವಾದವರಿಗೆ

ಕಳೆದ ಆಷಾಢದ ಮಳೆಯಲ್ಲಿ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ನನಗೆ ನೆರವಾಗಿ, ಹೆಸರು ಕೇಳುವಷ್ಟರಲ್ಲಿ ಹೊರಟುಹೋದ ಪಿಕಪ್ ಚಾಲಕರಿಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.

ಇಪ್ಪತ್ತಾರು ವರ್ಷ ನಾನು ನಂಬಿದ್ದು ಮೈಸೂರಿನಲ್ಲೇ ತಯಾರಾದ ಯೆಜ್ಡಿ ರೋಡ್‌ಕಿಂಗ್ ಬೈಕನ್ನು. ಕಿಕ್ಕಿಗೂ ಗೇರಿಗೂ ಒಂದೇ ಲಿವರ್ ಇದ್ದ ಆ ಬೈಕಿಗೆ ಒಗ್ಗಿಹೋಗಿದ್ದ ನನಗೆ, 21 ಇಂಚಿನ ಮುಂಚಕ್ರದ, 196 ಕಿಲೋ ತೂಕದ ಹಿಮಾಲಯನ್ 450 ಇನ್ನೂ ಹೊಸದು. ತಿರುವಿನಲ್ಲಿ ನಿಲ್ಲಿಸಲು ಹೋಗಿ ಇಳಿಜಾರಿನ ಕಡೆಗೆ ಕಾಲು ಚಾಚಿದೆ. ನೆಲ ಎಟುಕಲಿಲ್ಲ, ಬೈಕು ಬಲಕ್ಕೆ ಉರುಳಿತು.

ತಾವು ಬಂದವರೇ ಮೊದಲು ಕೀ ಆಫ್ ಮಾಡಿ, ಗೇರಿಗೆ ಹಾಕಿ, ಎಡಗಡೆಯ ಸೈಡ್ ಸ್ಟ್ಯಾಂಡ್ ಹೊರಗೆಳೆದಿರಿ. "ಸೊಂಟ ಬಗ್ಗಿಸಬೇಡಿ ಅಣ್ಣಾ, ಸೀಟಿಗೆ ಬೆನ್ನು ಕೊಟ್ಟು ಕಾಲಿನ ಬಲದಲ್ಲೇ ಎತ್ತಿ" ಎಂದಿರಿ. ತಾವೇ ಎತ್ತಿಬಿಡಬಹುದಿತ್ತು, ಆದರೂ ಮಳೆಯಲ್ಲಿ ನೆನೆಯುತ್ತ ನಿಂತು, ಒಂದು ಕೈ ಮಾತ್ರ ಆನಿಸಿ, ನನ್ನಿಂದಲೇ ಎತ್ತಿಸಿದಿರಿ. ಅದಕ್ಕೇ ನಾನು ಹೆಚ್ಚು ಋಣಿ. ಹಳೆಯ ಬೈಕನ್ನು ಬಿಟ್ಟದ್ದು ತಪ್ಪಾಯಿತೇನೋ ಎಂಬ ಅಳುಕು ಅಲ್ಲೇ ಕರಗಿತು. ಅಂದು ಉಜಿರೆಯವರೆಗೂ ನಾನೇ ಓಡಿಸಿಕೊಂಡು ಹೋದೆ.