ಇಸ್ರೇಲ್ ಕಟ್ಟಿದ್ದು ಮಡಿವಂತರೇ?

ಮಾನ್ಯರೇ,

ಇಸ್ರೇಲ್ ಕುರಿತ ನಿಮ್ಮ ಲೇಖನ ಓದಿದೆ. ಅದು ಯಹೂದಿ ಮಡಿವಂತರು ಕಟ್ಟಿದ ದೇಶ ಎಂದು ಬರೆದಿದ್ದೀರಿ. ಅಲ್ಲಿ ವಯಸ್ಸಾದವರ ಆರೈಕೆಯ ಕೆಲಸ ಮಾಡಿದ ನನಗೆ ಈ ಮಾತು ಒಪ್ಪಿಗೆಯಿಲ್ಲ.

ಮಡಿವಂತರ ಊರಾದ ಬ್ನೇ ಬ್ರಾಕ್‌ನಲ್ಲಿ ನಾನು ನೋಡಿಕೊಂಡ ಅಜ್ಜ ಸಬ್ಬತ್ ದಿನ, ಅಂದರೆ ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ, ಲೈಟಿನ ಸ್ವಿಚ್ ಕೂಡ ಮುಟ್ಟುತ್ತಿರಲಿಲ್ಲ. ಅಷ್ಟು ನೇಮದ ಮನೆ. ಆದರೆ ಸ್ವಾತಂತ್ರ್ಯ ದಿನ ಅಲ್ಲಿ ಬಾವುಟ ಕಟ್ಟುತ್ತಿರಲಿಲ್ಲ. ದೇವರು ಕಳಿಸುವ ರಕ್ಷಕ ಮೆಸ್ಸೀಯ ಬರುವ ಮೊದಲೇ ಮನುಷ್ಯರು ರಾಜ್ಯ ಕಟ್ಟಿದ್ದು ತಪ್ಪು ಎನ್ನುತ್ತಿದ್ದರು ಅಜ್ಜ. ಅದಕ್ಕೆ ಮುಂಚೆ ಕಿಬ್ಬುತ್ಸ್ (ಎಲ್ಲರೂ ಸೇರಿ ದುಡಿದು ಹಂಚಿಕೊಳ್ಳುವ ಊರು) ಒಂದರಲ್ಲಿ ನೋಡಿಕೊಂಡ ಅಜ್ಜಿ ಪಕ್ಕಾ ಝಿಯೋನಿಸ್ಟ್, ಅಂದರೆ ಯಹೂದಿಗಳಿಗೆ ಅವರದೇ ದೇಶ ಬೇಕು ಎನ್ನುವವರು. ಅವರು ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ಹೋಗಿದ್ದನ್ನು ನಾನು ನೋಡಲೇ ಇಲ್ಲ.

ಇದು ಬರೀ ಎರಡು ಮನೆಯ ಕಥೆಯಲ್ಲ. 1897ರಲ್ಲಿ ಝಿಯೋನಿಸ್ಟ್ ಚಳವಳಿಯ ನಾಯಕ ಥಿಯೋಡರ್ ಹರ್ಜಲ್ ಮೊದಲ ಝಿಯೋನಿಸ್ಟ್ ಸಮ್ಮೇಳನವನ್ನು ಮ್ಯೂನಿಕ್‌ನಲ್ಲಿ ನಡೆಸಲು ಹೊರಟಾಗ ಅಲ್ಲಿನ ಯಹೂದಿಗಳೇ ಬೇಡವೆಂದರು. ಜರ್ಮನಿಯ ರಬ್ಬಿಗಳ (ಯಹೂದಿ ಧರ್ಮಗುರುಗಳ) ಸಂಘವೂ ವಿರೋಧಿಸಿತು. ಸಮ್ಮೇಳನ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಯಿತು. ಹರ್ಜಲ್ ಆಚಾರ ಪಾಲಿಸುವವರಲ್ಲ. ಆದರೂ ಸಮ್ಮೇಳನಕ್ಕೆ ಮುಂಚಿನ ಸಬ್ಬತ್ ದಿನ ಅಲ್ಲಿನ ಸಿನಗಾಗ್‌ಗೆ ಹೋದರು. ಧಾರ್ಮಿಕರ ಮನಸ್ಸು ನೋಯಿಸುವುದು ಅವರಿಗೆ ಬೇಕಿರಲಿಲ್ಲ.

ಮಡಿವಂತರೆಲ್ಲ ದೂರ ನಿಂತರು ಎಂದೂ ಹೇಳಲಾರೆ. 1902ರಲ್ಲಿ ರಬ್ಬಿ ರೈನೆಸ್ ‘ಮಿಜ್ರಾಹಿ’ ಎಂಬ ಧಾರ್ಮಿಕ ಝಿಯೋನಿಸ್ಟ್ ಸಂಘಟನೆ ಶುರು ಮಾಡಿದರು. 1967ರ ಅರಬ್-ಇಸ್ರೇಲ್ ಯುದ್ಧದ ನಂತರ ಈ ಧಾರೆಗೆ ಬಲ ಜಾಸ್ತಿಯಾಯಿತು. ಆದರೆ 1912ರಲ್ಲಿ ಹುಟ್ಟಿದ ‘ಅಗುದತ್ ಇಸ್ರೇಲ್’ ಝಿಯೋನಿಸಂ ಅನ್ನು ವಿರೋಧಿಸಿದ ಮಡಿವಂತರದ್ದೇ.

ಅವರನ್ನು ಒಲಿಸಲು 1947ರ ಜೂನ್‌ನಲ್ಲಿ, ಮುಂದೆ ಇಸ್ರೇಲಿನ ಮೊದಲ ಪ್ರಧಾನಿಯಾದ ಬೆನ್ ಗುರಿಯನ್ ಮತ್ತು ಇನ್ನಿಬ್ಬರು ಸಹಿ ಹಾಕಿ ಆ ಸಂಘಟನೆಗೆ ಪತ್ರ ಬರೆದರು. ಶನಿವಾರ ರಜೆ, ಸರ್ಕಾರಿ ಅಡುಗೆಮನೆಗಳಲ್ಲಿ ಕೋಷರ್ (ಯಹೂದಿ ಧರ್ಮದ ನೇಮದಂತೆ ಮಾಡಿದ) ಊಟ, ಮದುವೆಯ ವಿಷಯದಲ್ಲಿ ಧಾರ್ಮಿಕರಿಗೆ ತೃಪ್ತಿಯಾಗುವ ವ್ಯವಸ್ಥೆ, ಅವರ ಶಾಲೆಗಳಿಗೆ ಸ್ವಾತಂತ್ರ್ಯ: ಇಷ್ಟು ಭರವಸೆ. ಅಂದರೆ ಇದು ರಾಜಕೀಯ ಒಪ್ಪಂದ ಅಲ್ವಾ? ಶನಿವಾರ ನಮಗೆ ರಜೆ ಸಿಕ್ಕರೂ ಬಸ್ ಇರುತ್ತಿರಲಿಲ್ಲ, ಶೇರ್ ಟ್ಯಾಕ್ಸಿ ಹುಡುಕಬೇಕಿತ್ತು. ಅದರ ಬೇರು ಇಲ್ಲಿದೆ.

ರಾಜ್ಯ ಹುಟ್ಟಿದಾಗ ಧರ್ಮಗ್ರಂಥ ಓದುವ ಸುಮಾರು 400 ಯುವಕರಿಗೆ ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿ ಕೊಟ್ಟರು. ಆ ಸಂಖ್ಯೆ ಬೆಳೆಯುತ್ತಲೇ ಹೋಯಿತು. 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರನ್ನೂ ಸೇನೆಗೆ ಸೇರಿಸಬೇಕು ಎಂದಿತು. ಇದನ್ನು ವಿರೋಧಿಸಿ ಬೀದಿಗಿಳಿದವರ ಫೋಟೊ ಹಾಕುವಾಗ, ದಯವಿಟ್ಟು ಈ ಹಿನ್ನೆಲೆಯನ್ನೂ ಎರಡು ಸಾಲಿನಲ್ಲಿ ಬರೆಯಿರಿ.

– ಓದುಗಿ